ಇಲ್ಲ ಎಂದದ್ದು ಯಾವ ಮಿತಿ?

ಲಾಗ್‌ನಲ್ಲಿ ‘ಔಟ್ ಆಫ್ ಮೆಮೊರಿ’ ಎಂದು ಕಂಡೊಡನೆ ರ‍್ಯಾಮ್ ಸಾಲದು ಎಂದು ತೀರ್ಮಾನಿಸಬಾರದು. ಲಿನಕ್ಸ್ ಕರ್ನಲ್ ಇಟ್ಟುಕೊಂಡಿರುವ ಹತ್ತಾರು ಮಿತಿಗಳಲ್ಲಿ ಯಾವುದು ‘ಇಲ್ಲ’ ಎಂದಿತು ಎಂಬುದನ್ನು ಮೊದಲು ಪತ್ತೆ ಮಾಡಬೇಕು, ಆಮೇಲೆ ಕೈ ಹಾಕಬೇಕು. ಬಹಳ ಕಾಲದಿಂದ ನಾನು ಹೇಳುತ್ತ ಬಂದಿರುವ ಮಾತು ಇದು. ಇದನ್ನು ಒಪ್ಪದವರು ಕಡಿಮೆಯೇನಿಲ್ಲ. ಅವರಲ್ಲಿ ಹಲವರು ದೊಡ್ಡ ದೊಡ್ಡ ವ್ಯವಸ್ಥೆಗಳನ್ನು ನೋಡಿಕೊಳ್ಳುವವರು, ರಾತ್ರಿ ಪಾಳಿಯಲ್ಲಿ ನಿದ್ದೆಗೆಟ್ಟು ಸರ್ವರ್ ಎಬ್ಬಿಸಿದವರು. ಅಂಥವರ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಒಂದೊಂದನ್ನೇ ಎತ್ತಿಕೊಂಡು ಉತ್ತರ ಹೇಳುತ್ತೇನೆ.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ ಹಣದ್ದು. ರ‍್ಯಾಮ್ ಅಗ್ಗ, ಎಂಜಿನಿಯರ್‌ನ ವೇಳೆ ದುಬಾರಿ. ಒಬ್ಬನನ್ನು ಎರಡು ದಿನ ಲಾಗ್ ಓದಲು ಕೂರಿಸುವ ಬದಲು ಕ್ಲೌಡ್‌ನಲ್ಲಿ ಒಂದು ಗಾತ್ರ ದೊಡ್ಡ ಯಂತ್ರ ತೆಗೆದುಕೊಂಡರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತಲ್ಲ ಎನ್ನುತ್ತಾರೆ.

ರ‍್ಯಾಮ್ ಸಾಲದೆ ಬಂದ ದೋಷವಾಗಿದ್ದರೆ ಈ ಲೆಕ್ಕ ಸರಿ. ಆದರೆ ದೋಷ ಅದರಿಂದಲೇ ಬಂತೆಂದು ಹೇಳುವವರು ಯಾರು? ಕರ್ನಲ್ ಒಂದು ಪ್ರೊಸೆಸ್‌ಗೆ ಮೆಮೊರಿ ಕೊಡಲಾರೆ ಎನ್ನುವಾಗ ಹಿಂದಿರುಗಿಸುವ ದೋಷ ಸಂಖ್ಯೆ 12, ತೆರೆಯ ಮೇಲೆ ‘ಕೆನಾಟ್ ಅಲೊಕೇಟ್ ಮೆಮೊರಿ’. ರ‍್ಯಾಮ್‌ಗೂ ಇದಕ್ಕೂ ಒಂದಕ್ಕೊಂದು ನಂಟು ಇರಲೇಬೇಕೆಂದಿಲ್ಲ. ಒಂದು ಪ್ರೊಸೆಸ್ ತನ್ನ ವಿಳಾಸದ ಹರವಿನಲ್ಲಿ ಎಷ್ಟು ಮ್ಯಾಪಿಂಗ್‌ಗಳನ್ನು ಇಟ್ಟುಕೊಳ್ಳಬಹುದು ಎಂಬುದಕ್ಕೆ ‘ಮ್ಯಾಕ್ಸ್ ಮ್ಯಾಪ್ ಕೌಂಟ್’ ಎಂಬ ಮಿತಿ ಇದೆ. ಅದರ ರೂಢಿಯ ಬೆಲೆ 65530. ಆ ಗೆರೆ ದಾಟುವ ಕೋರಿಕೆ ಬಂದರೆ ಎಂಮ್ಯಾಪ್ ಕರೆಗೆ ಸಿಗುವ ಉತ್ತರ ಇದೇ 12. ಯಂತ್ರದಲ್ಲಿ 500 ಜಿಬಿ ಖಾಲಿ ಇದ್ದರೂ ಉತ್ತರ ಬದಲಾಗದು. ಸೂಚಿಯ ಕಡತಗಳನ್ನು ಮ್ಯಾಪ್ ಮಾಡಿಕೊಂಡು ಕೆಲಸ ಮಾಡುವ ಎಲಾಸ್ಟಿಕ್‌ಸರ್ಚ್ ಈ ಸಂಖ್ಯೆ ಕನಿಷ್ಠ 262144 ಇದೆಯೇ ಎಂದು ಶುರುವಾಗುವಾಗಲೇ ಪರೀಕ್ಷಿಸುವುದು ಇದಕ್ಕಾಗಿ. ಫೆಡೋರಾ 39ನೇ ಆವೃತ್ತಿಯಲ್ಲಿ ಇದೇ ಬೆಲೆಯನ್ನು 1048576ಕ್ಕೆ ಏರಿಸಿತು. ಅಲ್ಲಿ ಬದಲಾದದ್ದು ಒಂದು ಸಂಖ್ಯೆ. ಯಾರ ಯಂತ್ರಕ್ಕೂ ರ‍್ಯಾಮ್ ಸೇರಿಸಲಿಲ್ಲ.

ಜಾವಾದವರ ಅನುಭವ ಇನ್ನೂ ಕಷ್ಟದ್ದು. ‘ಔಟ್ ಆಫ್ ಮೆಮೊರಿ ಎರರ್’ ಎಂಬ ತಲೆಬರಹದಡಿ ಜಾವಾ ಹಲವು ಬೇರೆ ಬೇರೆ ತೊಂದರೆಗಳನ್ನು ಹೇಳುತ್ತದೆ. ಹೀಪ್ ತುಂಬಿದ್ದು ಅವುಗಳಲ್ಲಿ ಒಂದು. ಹೊಸ ನೇಟಿವ್ ಥ್ರೆಡ್ ಸೃಷ್ಟಿಸಲು ಆಗಲಿಲ್ಲ ಎಂಬುದು ಇನ್ನೊಂದು. ಈ ಎರಡನೆಯದು ಕಂಡಾಗ ಹೀಪ್ ದೊಡ್ಡದು ಮಾಡುವವರನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಥ್ರೆಡ್ ಸಿಗದಿರುವುದಕ್ಕೆ ಕಾರಣ ಬಳಕೆದಾರನೊಬ್ಬನಿಗೆ ಇಟ್ಟ ಪ್ರೊಸೆಸ್ ಸಂಖ್ಯೆಯ ಮಿತಿ ಇರಬಹುದು, ಇಡೀ ಯಂತ್ರದ ಥ್ರೆಡ್ ಮಿತಿ ಇರಬಹುದು, ಪ್ರೊಸೆಸ್‌ಗಳ ಗುಂಪೊಂದಕ್ಕೆ ಮಿತಿ ಹಾಕುವ ಸಿ-ಗ್ರೂಪ್‌ನ ಪಿಡ್ಸ್ ನಿಯಂತ್ರಕ ಇರಬಹುದು, ಮೇಲೆ ಹೇಳಿದ ಮ್ಯಾಪಿಂಗ್ ಮಿತಿಯೇ ಇರಬಹುದು. ಸಿಸ್ಟಂಡಿ 2015ರಲ್ಲಿ ಪ್ರತಿ ಸೇವೆಗೆ 512 ಟಾಸ್ಕ್‌ಗಳೆಂಬ ಕಟ್ಟು ಹಾಕಿತು, ಮರುವರ್ಷ ಅದನ್ನು ಶೇಕಡಾ 15ಕ್ಕೆ ಸಡಿಲಿಸಿತು. ಪಿಐಡಿಗಳ ಹಳೆಯ ಗರಿಷ್ಠ 32768. ಅದರ ಶೇಕಡಾ 15 ಎಂದರೆ 4915. ಸೇವೆಯ ಸ್ಥಿತಿ ಕೇಳಿದಾಗ ‘ಟಾಸ್ಕ್ಸ್ 4915, ಲಿಮಿಟ್ 4915’ ಎಂದು ಕಣ್ಣೆದುರೇ ಬರೆದಿರುತ್ತದೆ. ಅದನ್ನು ಓದದೆ ಹೀಪ್ ಹಿಗ್ಗಿಸಿದರೆ, ಥ್ರೆಡ್‌ಗಳ ಸ್ಟ್ಯಾಕ್‌ಗೆ ಉಳಿಯಬೇಕಿದ್ದ ಜಾಗವೂ ಹೀಪ್‌ನ ಪಾಲಾಗುತ್ತದೆ. ಔಷಧಿಯೇ ರೋಗ ಹೆಚ್ಚಿಸುತ್ತದೆ.

ನೆಟ್‌ವರ್ಕ್‌ನ ಕಡೆಗೂ ಇದೇ ಕತೆ. ಕರ್ನಲ್ ಲಾಗ್‌ನಲ್ಲಿ ಟಿಸಿಪಿ ಹೆಸರಿನಲ್ಲೇ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಬರುವುದುಂಟು. ಎಲ್ಲ ಟಿಸಿಪಿ ಸಾಕೆಟ್‌ಗಳೂ ಸೇರಿ ಇಷ್ಟು ಪೇಜ್‌ಗಳಿಗಿಂತ ಹೆಚ್ಚು ಬಳಸಬಾರದೆಂದು ‘ಟಿಸಿಪಿ ಮೆಮ್’ ಎಂಬ ಮೂರು ಸಂಖ್ಯೆಗಳ ಗೆರೆ ಇದೆ. ಸಂಪರ್ಕಗಳನ್ನು ಮುಚ್ಚದೆ ಬಿಡುವ ಒಂದು ಪ್ರೋಗ್ರಾಂ ಸಾಕು, ಆ ಗೆರೆ ಮುಟ್ಟಲು. ಯಂತ್ರವನ್ನು ದೊಡ್ಡದು ಮಾಡಿದರೆ ಬೂಟ್ ಆಗುವಾಗ ಆ ಸಂಖ್ಯೆಯೂ ಸ್ವಲ್ಪ ಏರುತ್ತದೆ, ಸೋರಿಕೆ ಹಾಗೆಯೇ ನಡೆಯುತ್ತದೆ, ದೋಷ ಮುಂದಿನ ತಿಂಗಳಿಗೆ ಹೋಗುತ್ತದೆ. ಅಷ್ಟರಲ್ಲಿ ಬಿಲ್ ಎರಡು ಪಟ್ಟಾಗಿರುತ್ತದೆ. ಅಗ್ಗ ಎಂದವರು ಆ ಬಿಲ್ ಅನ್ನು ಎರಡು ವರ್ಷಕ್ಕೆ ಗುಣಿಸಿ ನೋಡಲಿ ಎಂದು ಕೇಳಿಕೊಳ್ಳುತ್ತೇನೆ.

ಇನ್ನು ‘ರ‍್ಯಾಮ್ ಎಲ್ಲಿ ಹೋಯಿತು’ ಎಂಬ ಪ್ರಶ್ನೆಯಿದೆ. ಡೇಟಾಬೇಸ್‌ಗಾಗಿ ಯಾರೋ ಒಮ್ಮೆ 4096 ಹ್ಯೂಜ್ ಪೇಜ್‌ಗಳನ್ನು ಕಾಯ್ದಿರಿಸಿರುತ್ತಾರೆ. ಒಂದೊಂದು 2 ಎಂಬಿ; ಒಟ್ಟು 8 ಜಿಬಿ. ಆ ಡೇಟಾಬೇಸ್ ಬೇರೆ ಯಂತ್ರಕ್ಕೆ ಹೋಗಿರುತ್ತದೆ, ಕಾಯ್ದಿರಿಸಿದ್ದು ಇಲ್ಲೇ ಉಳಿದಿರುತ್ತದೆ. ಆ 8 ಜಿಬಿಯನ್ನು ಬೇರೆ ಯಾವ ಸಾಮಾನ್ಯ ಪ್ರೊಸೆಸ್ಸೂ ಮುಟ್ಟುವಂತಿಲ್ಲ. ಟಾಪ್ ಆಜ್ಞೆಯ ಪಟ್ಟಿಯಲ್ಲಿ ಎಲ್ಲ ಪ್ರೊಸೆಸ್‌ಗಳನ್ನು ಕೂಡಿದರೂ ಲೆಕ್ಕ ತಾಳೆಯಾಗದು. ಮೆಮ್‌ಇನ್ಫೋ ಕಡತದಲ್ಲಿ ಹ್ಯೂಜ್ ಪೇಜ್‌ಗಳ ಸಾಲು, ಪೇಜ್ ಟೇಬಲ್‌ಗಳ ಸಾಲು, ಕರ್ನಲ್ ಬಿಟ್ಟುಕೊಡಲಾಗದ ಸ್ಲ್ಯಾಬ್‌ನ ಸಾಲು, ಈ ಮೂರನ್ನು ಓದಲು ಒಂದು ನಿಮಿಷ ಬೇಕು. ಎಂಜಿನಿಯರ್‌ನ ವೇಳೆ ದುಬಾರಿ ಎಂದವರಿಗೆ ನನ್ನ ಉತ್ತರ ಈ ಒಂದು ನಿಮಿಷ.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಬರುತ್ತದೆ. ಫ್ರೀ ಆಜ್ಞೆ 20 ಜಿಬಿ ಖಾಲಿ ಇದೆ ಎನ್ನುತ್ತಿರುವಾಗಲೇ ನಮ್ಮ ಪ್ರೊಸೆಸ್ ಸತ್ತಿದೆ, ಅಂದಮೇಲೆ ಕರ್ನಲ್‌ನದೇ ತಪ್ಪು. ಅದರ ಲಾಗ್ ನಂಬುವುದು ಹೇಗೆ ಎಂಬ ವಾದ.

ಲಾಗ್ ನಂಬಿಕೆಗೆ ಯೋಗ್ಯವೇ. ಅದನ್ನು ಪೂರ್ತಿ ಓದಬೇಕು, ಅಷ್ಟೇ. ಕರ್ನಲ್ ಪ್ರೊಸೆಸ್ ಒಂದನ್ನು ಕೊಂದಾಗ ಬರೆಯುವ ಸಾಲು ಎರಡು ಬಗೆ. ಬರೀ ‘ಔಟ್ ಆಫ್ ಮೆಮೊರಿ’ ಎಂದು ಶುರುವಾದರೆ ಇಡೀ ಯಂತ್ರದಲ್ಲೇ ಮೆಮೊರಿ ಸಿಗಲಿಲ್ಲ ಎಂದರ್ಥ. ‘ಮೆಮೊರಿ ಸಿ-ಗ್ರೂಪ್ ಔಟ್ ಆಫ್ ಮೆಮೊರಿ’ ಎಂದು ಶುರುವಾದರೆ ಒಂದು ಕಂಟೇನರ್ ಅಥವಾ ಸೇವೆ ತನಗೆ ಕೊಟ್ಟ ಪಾಲನ್ನು ಮುಗಿಸಿತು ಎಂದರ್ಥ. ಯಂತ್ರ ಆರಾಮವಾಗಿಯೇ ಇರಬಹುದು. ಈಚಿನ ಕರ್ನಲ್‌ಗಳು ‘ಕನ್‌ಸ್ಟ್ರೇಂಟ್’ ಎಂಬ ಪದವನ್ನು ಮುಂದಿಟ್ಟು, ಮೆಮ್‌ಸಿಜಿಯೋ, ಸಿಪಿಯು-ಸೆಟ್ಟೋ, ಮೆಮೊರಿ ಪಾಲಿಸಿಯೋ, ಯಾವುದೂ ಅಲ್ಲವೋ ಎಂದು ನೇರವಾಗಿ ಹೇಳಿಬಿಡುತ್ತವೆ. ಫ್ರೀ ಆಜ್ಞೆಗೆ ಕಂಟೇನರ್‌ನ ಮಿತಿ ಗೊತ್ತಿಲ್ಲ. ಕಂಟೇನರ್‌ನ ಒಳಗೇ ನಿಂತು ಓಡಿಸಿದರೂ ಅದು ತೋರಿಸುವುದು ಯಂತ್ರದ ಲೆಕ್ಕ.

ಈ ಲಾಗ್ ಓದುವಾಗ ತೀರ ಅನುಭವಿಗಳೂ ಎಡವುವ ಒಂದು ಜಾಗವಿದೆ. ಸಾವಿನ ಸಾಲಿಗಿಂತ ಮೊದಲು ಪ್ರೊಸೆಸ್‌ಗಳ ಕೋಷ್ಟಕವೊಂದು ಬರುತ್ತದೆ. ಅದರ ಆರ್‌ಎಸ್‌ಎಸ್ ಕಂಬದಲ್ಲಿರುವ ಸಂಖ್ಯೆಗಳು ಪೇಜ್‌ಗಳು, ಕೆಬಿಗಳಲ್ಲ. ಸಾಮಾನ್ಯ ಇಂಟೆಲ್ ಅಥವಾ ಎಎಂಡಿ ಯಂತ್ರದಲ್ಲಿ ಒಂದು ಪೇಜ್ 4 ಕೆಬಿ. ಕೋಷ್ಟಕದಲ್ಲಿ 500000 ಎಂದು ಕಂಡದ್ದನ್ನು ಅರ್ಧ ಜಿಬಿ ಎಂದು ಓದಿಕೊಂಡು, ಇಷ್ಟು ಚಿಕ್ಕ ಪ್ರೊಸೆಸ್ ಅನ್ನು ಯಾಕೆ ಕೊಂದಿತು ಎಂದು ಕರ್ನಲ್ ಮೇಲೆ ಹರಿಹಾಯ್ದವರಿದ್ದಾರೆ. ಅದು ಸುಮಾರು 2 ಜಿಬಿ. ಕೊನೆಯ ಸಾಲಿನಲ್ಲಿ ಮಾತ್ರ ಲೆಕ್ಕ ಕೆಬಿಗಳಲ್ಲಿರುತ್ತದೆ. ಒಂದೇ ವರದಿಯಲ್ಲಿ ಎರಡು ಅಳತೆ ಇರುವುದು ಒಳ್ಳೆಯ ವಿನ್ಯಾಸವೇನಲ್ಲ, ಇದನ್ನು ಒಪ್ಪುತ್ತೇನೆ. ಆದರೆ ಅದು ಸುಳ್ಳಲ್ಲ.

ಇನ್ನೊಂದು ಗೊಂದಲ ಟೆಂಪ್-ಎಫ್‌ಎಸ್‌ನದು. ಕಂಟೇನರ್‌ನೊಳಗೆ ಡೆವ್ ಎಸ್‌ಎಚ್‌ಎಂ ಅಡಿಯಲ್ಲಿ ಬರೆದ ಕಡತ ಡಿಸ್ಕ್ ಮೇಲಿಲ್ಲ, ಮೆಮೊರಿಯಲ್ಲಿದೆ. ಅದು ಬರೆದ ಸಿ-ಗ್ರೂಪ್‌ನ ಖಾತೆಗೇ ಬೀಳುತ್ತದೆ. ಯಾವ ಪ್ರೊಸೆಸ್‌ನ ಹೀಪ್‌ನಲ್ಲೂ ಕಾಣದ ಈ ಮೊತ್ತ ಮೆಮೊರಿ-ಸ್ಟ್ಯಾಟ್ ಕಡತದ ‘ಎಸ್‌ಎಚ್‌ಮೆಮ್’ ಸಾಲಿನಲ್ಲಿ ಕೂತಿರುತ್ತದೆ. ಹಾಗೆಯೇ ಕಂಟೇನರ್‌ನ ಮುಖ್ಯ ಪ್ರೊಸೆಸ್ ಬದುಕಿದ್ದು ಅದರ ಮಗು-ಪ್ರೊಸೆಸ್ ಮಾತ್ರ ಸತ್ತರೆ ಕುಬರ್ನೆಟಿಸ್‌ನ ಪಟ್ಟಿಯಲ್ಲಿ ‘ಊಮ್-ಕಿಲ್ಡ್’ (ಊಮ್ ಎಂದರೆ ಔಟ್ ಆಫ್ ಮೆಮೊರಿ) ಎಂಬ ಮುದ್ರೆಯಾಗಲಿ 137 ಎಂಬ ನಿರ್ಗಮನ ಸಂಖ್ಯೆಯಾಗಲಿ ಕಾಣಿಸದಿರಬಹುದು. ಹೊರಗಿನವರಿಗೆ ಕಾಣುವುದು ಆಗಾಗ ಸೋಲುವ ಕೋರಿಕೆಗಳು ಮಾತ್ರ. ಅಂಥ ಕಡೆ ಸತ್ಯ ಹೇಳುವುದು ಸಿ-ಗ್ರೂಪ್‌ನ ಮೆಮೊರಿ-ಈವೆಂಟ್ಸ್ ಕಡತದ ‘ಊಮ್ ಕಿಲ್’ ಎಣಿಕೆ.

‘ಹಾಗಾದರೆ ಮಿತಿಯನ್ನೇ ತೆಗೆದುಬಿಡಿ’ ಎಂಬುದು ಮುಂದಿನ ಆಕ್ಷೇಪ. ಕಂಟೇನರ್‌ಗೆ ಮಿತಿ ಇಲ್ಲದಿದ್ದರೆ ಮಿತಿ ಮುಟ್ಟಿ ಸಾಯುವ ಪ್ರಶ್ನೆಯೇ ಇಲ್ಲವಲ್ಲ!

ಈ ವಾದಕ್ಕೆ ಆಧಾರವಾಗಿ ಅವರು ಕೊಡುವ ಉದಾಹರಣೆ ಗಟ್ಟಿಯಾದದ್ದು, ಹಾಗಾಗಿ ಅದನ್ನು ಪೂರ್ತಿ ಹೇಳಬೇಕು. ಸೆಂಟ್‌ಒಎಸ್ 7ರ ಕರ್ನಲ್ 3.10. ಅದರಲ್ಲಿ ಕರ್ನಲ್ ತನ್ನ ಒಳ ಬಳಕೆಯ ಮೆಮೊರಿಯನ್ನು ಪ್ರತಿ ಸಿ-ಗ್ರೂಪ್‌ನ ಖಾತೆಗೆ ಹಾಕುವ ಏರ್ಪಾಡು ಇನ್ನೂ ಪಕ್ವವಾಗಿರಲಿಲ್ಲ. ಕಂಟೇನರ್ ಓಡಿಸುವ ರನ್‌ಸಿ ಅದನ್ನು ಎಲ್ಲ ಕಂಟೇನರ್‌ಗಳಿಗೂ ಚಾಲೂ ಮಾಡಿತು. ಕಂಟೇನರ್ ಸತ್ತ ಮೇಲೂ ಅದರ ಸಿ-ಗ್ರೂಪ್‌ನ ಅವಶೇಷ ಕರ್ನಲ್‌ನೊಳಗೆ ಬಿಡುಗಡೆಯಾಗದೆ ಉಳಿಯತೊಡಗಿತು. ಮೆಮೊರಿ ಸಿ-ಗ್ರೂಪ್‌ಗಳ ಗುರುತು-ಸಂಖ್ಯೆಗಳಿಗೆ 65535 ಎಂಬ ಮೇಲ್ಮಿತಿ ಇದೆ. ಹಳೆಯವು ಬಿಡದೆ ಹೊಸವು ಹುಟ್ಟುತ್ತ ಹೋದರೆ ಒಂದು ದಿನ ಆ ಸಂಖ್ಯೆಗಳೇ ಮುಗಿದುಹೋಗುತ್ತವೆ. ಆಗ ಹೊಸ ಕಂಟೇನರ್ ಹುಟ್ಟದು. ಬರುವ ದೋಷವೋ, ‘ಕೆನಾಟ್ ಅಲೊಕೇಟ್ ಮೆಮೊರಿ’, ಇಲ್ಲವೇ ‘ಡಿಸ್ಕ್‌ನಲ್ಲಿ ಜಾಗವಿಲ್ಲ’. ರ‍್ಯಾಮ್ ಇದೆ, ಡಿಸ್ಕ್ ಇದೆ, ಆದರೂ ಇಲ್ಲ. ಎಷ್ಟೋ ಜನ ಎಷ್ಟೋ ರಾತ್ರಿ ಡಿಸ್ಕ್ ಗುಡಿಸಿ, ಯಂತ್ರ ಮರುಬೂಟ್ ಮಾಡಿ, ಗುಣವಾಯಿತೆಂದು ಮಲಗಿ, ಕೆಲವು ವಾರಗಳ ನಂತರ ಮತ್ತೆ ಎದ್ದಿದ್ದಾರೆ.

ವಾಸ್ತವ ಇದು, ಆದರೆ ಇದರಿಂದ ಅವರು ಎಳೆಯುವ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ಈ ತೊಂದರೆಗೆ ಸಿಕ್ಕ ಪರಿಹಾರ ಏನು? ಕರ್ನಲ್ ಮೆಮೊರಿಯ ಲೆಕ್ಕವನ್ನು ಮಾತ್ರ ಆರಿಸುವ ಬೂಟ್ ಆಯ್ಕೆ, ಆ ಭಾಗವನ್ನು ಬಿಟ್ಟು ಕಟ್ಟಿದ ರನ್‌ಸಿ, ಕೊನೆಗೆ ಹೊಸ ಕರ್ನಲ್. ಪ್ರೊಸೆಸ್‌ಗಳ ಮೆಮೊರಿ ಮಿತಿಯನ್ನು ಯಾರೂ ತೆಗೆಯಬೇಕಾಗಲಿಲ್ಲ. ಯಾವ ಮಿತಿ ಕೆಟ್ಟಿದೆ ಎಂದು ಬೆರಳಿಟ್ಟು ತೋರಿಸಿದವರಿದ್ದರಿಂದಲೇ ಅಷ್ಟು ಚಿಕ್ಕ ಜಾಗದಲ್ಲಿ ಚಿಕಿತ್ಸೆ ಮುಗಿಯಿತು. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಮಿತಿಯನ್ನೇ ತೆಗೆದರೆ ಏನಾಗುತ್ತದೆ ಎಂಬುದೂ ಗೊತ್ತಿರುವ ವಿಷಯ. 2008ರಲ್ಲಿ 2.6.25 ಕರ್ನಲ್‌ಗೆ ಮೆಮೊರಿ ನಿಯಂತ್ರಕ ಸೇರಿತು. ಐಬಿಎಂನ ಬಲಬೀರ್ ಸಿಂಗ್ ಮತ್ತು ಓಪನ್‌ವಿಜ಼ೆಡ್‌ನ ಪಾವೆಲ್ ಎಮೆಲ್ಯಾನೊವ್ ಅವರ ಹೆಸರು ಆ ಕಡತದ ತಲೆಯಲ್ಲಿ ಇಂದಿಗೂ ಇದೆ. ಒಬ್ಬನ ಸೋರಿಕೆಗೆ ಪಕ್ಕದವನು ಸಾಯಬಾರದು ಎಂಬುದು ಅದರ ಉದ್ದೇಶ. ಮಿತಿ ಇಲ್ಲದ ಕಂಟೇನರ್ ಉಬ್ಬುತ್ತ ಹೋದರೆ ಕೊಲ್ಲುವ ನಿರ್ಧಾರ ಇಡೀ ಯಂತ್ರದ ಮಟ್ಟಕ್ಕೆ ಏರುತ್ತದೆ. ಕುಬರ್ನೆಟಿಸ್‌ನಲ್ಲಿ ಮೆಮೊರಿಯನ್ನೂ ಸಿಪಿಯುವನ್ನೂ ಕೋರದ, ಮಿತಿಯನ್ನೂ ಹೇಳದ ಪಾಡ್‌ಗೆ ಊಮ್ ಅಂಕ 1000. ಕೋರಿಕೆಯೂ ಮಿತಿಯೂ ಸಮವಾಗಿರುವ ಖಾತರಿ ಪಾಡ್‌ಗೆ ಮೈನಸ್ 997. ಸೋರುವವನು ಯಾರೇ ಇರಲಿ, ಮೊದಲು ಸಾಯುವುದು ಅಂಕ ಹೆಚ್ಚಿರುವವನು. ಮಿತಿ ಬೇಡ ಎನ್ನುವವರು ತಮ್ಮ ಪಾಡ್‌ಗಳನ್ನೇ ಆ ಸಾಲಿನ ಮುಂದೆ ನಿಲ್ಲಿಸುತ್ತಿದ್ದಾರೆ.

ಮಿತಿ ಕಠೋರ ಎನಿಸಿದರೆ ಮೆದುವಾದದ್ದೂ ಇದೆ. ಸಿ-ಗ್ರೂಪ್‌ನ ಎರಡನೆಯ ಆವೃತ್ತಿಯಲ್ಲಿ ‘ಮೆಮೊರಿ ಮ್ಯಾಕ್ಸ್’ ಮುಟ್ಟಿದರೆ ಕೊಲೆ. ಅದಕ್ಕಿಂತ ಕೆಳಗೆ ಇಡಬಹುದಾದ ‘ಮೆಮೊರಿ ಹೈ’ ಮುಟ್ಟಿದರೆ ಕರ್ನಲ್ ಆ ಗುಂಪನ್ನು ನಿಧಾನಗೊಳಿಸಿ ಪೇಜ್‌ಗಳನ್ನು ವಾಪಸ್ ಪಡೆಯಲು ನೋಡುತ್ತದೆ, ಕೊಲ್ಲುವುದಿಲ್ಲ. ಎಚ್ಚರಿಕೆ ಗಂಟೆಗೆ ಅದು ಸರಿಯಾದ ಜಾಗ. ಇಲ್ಲೊಂದು ಮಾತು ಸೇರಿಸಲೇಬೇಕು. ಯಂತ್ರಗಳನ್ನು ಎರಡನೆಯ ಆವೃತ್ತಿಗೆ ಏರಿಸಿದ ಮರುದಿನವೇ ಹಳೆಯ ಜಾವಾ ಸೇವೆಗಳು ಸಾಯತೊಡಗಿದರೆ ಮಿತಿಯನ್ನು ದೂರಬೇಡಿ. ಜಾವಾ 15ರಿಂದ, 11ರ ಸಾಲಿನಲ್ಲಿ 11.0.16ರಿಂದ, 8ರ ಸಾಲಿನಲ್ಲಿ 372ನೇ ಅಪ್‌ಡೇಟ್‌ನಿಂದ ಮಾತ್ರ ಜೆವಿಎಂಗೆ ಈ ಎರಡನೆಯ ಆವೃತ್ತಿಯನ್ನು ಓದಲು ಬರುತ್ತದೆ. ಅದಕ್ಕಿಂತ ಹಳೆಯದು ಕಂಟೇನರ್‌ನ 2 ಜಿಬಿಯನ್ನು ಕಾಣದೆ ಯಂತ್ರದ 64 ಜಿಬಿಯನ್ನು ನೋಡುತ್ತದೆ, ರೂಢಿಯಂತೆ ಅದರ ಕಾಲು ಭಾಗ, ಅಂದರೆ 16 ಜಿಬಿವರೆಗೆ ಹೀಪ್ ಬೆಳೆಸಬಹುದೆಂದುಕೊಳ್ಳುತ್ತದೆ. ಕಸ ಗುಡಿಸುವ ಅವಸರ ಅದಕ್ಕಿಲ್ಲ. 2 ಜಿಬಿ ಮುಟ್ಟಿದ ಕ್ಷಣ ಸಾಯುತ್ತದೆ.

ನಾಲ್ಕನೆಯದು ತಾತ್ವಿಕ ಆಕ್ಷೇಪ, ನನಗೆ ಗೌರವವಿರುವ ಆಕ್ಷೇಪ. ಇರುವುದಕ್ಕಿಂತ ಹೆಚ್ಚು ಮೆಮೊರಿಯನ್ನು ಕೊಡುತ್ತೇನೆಂದು ಮಾತು ಕೊಡುವ ಓವರ್‌ಕಮಿಟ್ ಪದ್ಧತಿಯೇ ಮೂಲ ಪಾಪ. ಅದನ್ನು ನಿಲ್ಲಿಸಿ, ಕೊಲೆಗಾರನ ಅಗತ್ಯವೇ ಬೀಳದು ಎನ್ನುತ್ತಾರೆ. 2004ರಲ್ಲಿ ಕರ್ನಲ್ ಅಭಿವೃದ್ಧಿಗಾರ ಆಂಡ್ರೀಸ್ ಬ್ರೌವರ್ ಬರೆದ ವಿಮಾನದ ದೃಷ್ಟಾಂತವನ್ನು ಇವರು ತಪ್ಪದೆ ನೆನಪಿಸುತ್ತಾರೆ: ಇಂಧನ ಕಡಿಮೆ ತುಂಬಿಸಿ ಹಾರಿಸಿ, ಸಾಲದೆ ಬಂದಾಗ ಯಾವ ಪ್ರಯಾಣಿಕನನ್ನು ಹೊರಗೆ ತಳ್ಳಬೇಕೆಂದು ಲೆಕ್ಕ ಹಾಕುವ ವಿಮಾನ ಕಂಪನಿಯ ಕತೆ.

ಆ ಕತೆ ಚುಚ್ಚುತ್ತದೆ ನಿಜ. ಆದರೆ ಓವರ್‌ಕಮಿಟ್ ನಿಲ್ಲಿಸಿದರೆ ಆಗುವುದೇನು ಎಂದು ಅದು ಹೇಳುವುದಿಲ್ಲ. ‘ಓವರ್‌ಕಮಿಟ್ ಮೆಮೊರಿ’ಗೆ 2 ಎಂದು ಕೊಟ್ಟರೆ ಕರ್ನಲ್ ಒಂದು ಕಮಿಟ್ ಮಿತಿ ಕಟ್ಟುತ್ತದೆ: ರೂಢಿಯ ಬೆಲೆಯಲ್ಲಿ ರ‍್ಯಾಮ್‌ನ ಅರ್ಧ, ಜೊತೆಗೆ ಸ್ವಾಪ್. 16 ಜಿಬಿ ಯಂತ್ರದಲ್ಲಿ ಸ್ವಾಪ್ ಇಲ್ಲದಿದ್ದರೆ ಮಿತಿ 8 ಜಿಬಿ. ಈಗ 500 ಥ್ರೆಡ್‌ಗಳ ಸೇವೆಯೊಂದು ಬರುತ್ತದೆ. ಪ್ರತಿ ಥ್ರೆಡ್ ರೂಢಿಯಂತೆ 8 ಎಂಬಿ ಸ್ಟ್ಯಾಕ್ ಕೇಳುತ್ತದೆ, ಮುಟ್ಟುವುದು ಕೆಲವು ಕೆಬಿ ಮಾತ್ರ. ಕಮಿಟ್ ಲೆಕ್ಕದಲ್ಲಿ ಸುಮಾರು 4 ಜಿಬಿ ಹೋಯಿತು. ಮಿತಿಗೆ ಬಂದಾಗ ಮುಂದೆ ಕೇಳುವವರಿಗೆ ‘ಇಲ್ಲ’. ಆ ಮುಂದೆ ಕೇಳುವವನು ಸೋರುವ ಪ್ರೋಗ್ರಾಮೇ ಆಗಬೇಕೆಂದಿಲ್ಲ. ಯಂತ್ರ ಸರಿಪಡಿಸಲು ಲಾಗಿನ್ ಆಗುತ್ತಿರುವ ನಿಮ್ಮ ಎಸ್‌ಎಸ್‌ಎಚ್ ಸೆಷನ್ನೂ ಆಗಬಹುದು. ಕೇಳಿದ್ದು ಸಿಗದಾಗ ಸರಿಯಾಗಿ ನಡೆದುಕೊಳ್ಳುವ ಪ್ರೋಗ್ರಾಂಗಳು ಎಷ್ಟಿವೆ ಎಂಬುದು ಕೋಡ್ ಬರೆಯುವ ಎಲ್ಲರಿಗೂ ಒಳಗೊಳಗೇ ಗೊತ್ತು.

ಎಲ್ಲ ಕಡೆಗೂ ಒಂದೇ ನಿಯಮ ಹೊಂದದು ಎಂಬುದಕ್ಕೆ ಎರಡು ಪ್ರಸಿದ್ಧ ಡೇಟಾಬೇಸ್‌ಗಳ ಕೈಪಿಡಿಗಳೇ ಸಾಕ್ಷಿ. ಪೋಸ್ಟ್‌ಗ್ರೆಸ್ 2 ಇಡಿ ಎನ್ನುತ್ತದೆ. ಅದರ ಒಂದು ಬ್ಯಾಕ್‌ಎಂಡ್ ಬಲವಂತದಿಂದ ಸತ್ತರೆ ಹಂಚಿಕೊಂಡ ಮೆಮೊರಿ ಕೆಟ್ಟಿರಬಹುದೆಂದು ಎಲ್ಲ ಸಂಪರ್ಕಗಳನ್ನೂ ಕಡಿದು ಮರಳಿ ಏಳಬೇಕಾಗುತ್ತದೆ, ಹಾಗಾಗಿ ಅದಕ್ಕೆ ಕೊಲೆಗಿಂತ ನಿರಾಕರಣೆ ಮೇಲು. ರೆಡಿಸ್ 1 ಇಡಿ ಎನ್ನುತ್ತದೆ. 10 ಜಿಬಿ ದತ್ತಾಂಶವನ್ನು ಡಿಸ್ಕ್‌ಗೆ ಉಳಿಸಲು ಅದು ತನ್ನನ್ನೇ ಫೋರ್ಕ್ ಮಾಡಿಕೊಳ್ಳುತ್ತದೆ. ತಾಯಿ-ಮಗು ಪೇಜ್‌ಗಳನ್ನು ಹಂಚಿಕೊಳ್ಳುವುದರಿಂದ ನಿಜವಾದ ಖರ್ಚು ಕಡಿಮೆ, ಆದರೆ ಕಟ್ಟುನಿಟ್ಟಿನ ಲೆಕ್ಕದಲ್ಲಿ ಇನ್ನೊಂದು 10 ಜಿಬಿ ಬೇಕು. ಸಿಗದಿದ್ದರೆ ಫೋರ್ಕ್ ಸೋಲುತ್ತದೆ, ದತ್ತಾಂಶ ಉಳಿಯುವುದಿಲ್ಲ. ಎರಡೂ ಕೈಪಿಡಿ ಸರಿ. ಯಂತ್ರದ ಮೇಲೆ ಯಾವುದು ಓಡುತ್ತಿದೆ ಎಂದು ನೋಡದೆ ಎಲ್ಲ ಸರ್ವರ್‌ಗಳಿಗೂ ಒಂದೇ ಸಂಖ್ಯೆ ತಳ್ಳುವವರು ಮಾತ್ರ ತಪ್ಪು. 2ನ್ನು ಆರಿಸಿಕೊಂಡವರು ಮೆಮ್‌ಇನ್ಫೋದಲ್ಲಿ ‘ಕಮಿಟ್ ಲಿಮಿಟ್’ ಮತ್ತು ‘ಕಮಿಟೆಡ್ ಎಎಸ್’ ಎಂಬ ಎರಡು ಸಾಲುಗಳ ನಡುವಿನ ಅಂತರವನ್ನು ಪ್ರತಿದಿನ ಗಮನಿಸುವ ಹೊಣೆಯನ್ನೂ ಹೊತ್ತುಕೊಂಡಿರುತ್ತಾರೆ.

ಸ್ವಾಪ್ ವಿಷಯದಲ್ಲಿ ಹೆಚ್ಚು ಬೆಳೆಸುವುದಿಲ್ಲ. ಸ್ವಾಪ್ ನಿಧಾನ, ಆದ್ದರಿಂದ ಆರಿಸಿಟ್ಟಿದ್ದೇವೆ ಎನ್ನುತ್ತಾರೆ. ಸ್ವಾಪ್ ಇಲ್ಲದ ಯಂತ್ರದಲ್ಲಿ ಪ್ರೊಸೆಸ್‌ನ ಹೀಪ್ ಪೇಜ್‌ಗಳು, ತಿಂಗಳಿಂದ ಯಾರೂ ಮುಟ್ಟದಿದ್ದರೂ, ಎಲ್ಲಿಗೂ ಹೋಗಲಾರವು. ಒತ್ತಡ ಬಂದಾಗ ಕರ್ನಲ್ ಹೊರಹಾಕಬಲ್ಲದ್ದು ಕಡತಗಳಿಂದ ಬಂದ ಪೇಜ್‌ಗಳನ್ನು ಮಾತ್ರ, ಅದರಲ್ಲಿ ಓಡುತ್ತಿರುವ ಪ್ರೋಗ್ರಾಂಗಳ ಕೋಡ್ ಕೂಡ ಸೇರಿದೆ. ಹೊರಹಾಕಿದ ಕೋಡನ್ನು ಮರುಕ್ಷಣವೇ ಡಿಸ್ಕ್‌ನಿಂದ ಓದಬೇಕು. ಸ್ವಾಪ್ ಆರಿಸಿದ ಯಂತ್ರ ಸಾಯುವ ಮುನ್ನ ನಿಮಿಷಗಟ್ಟಲೆ ಡಿಸ್ಕ್ ಓದುತ್ತ ನಿಶ್ಚಲವಾಗಿ ನಿಲ್ಲುವುದು ಇದರಿಂದ. ನಿಧಾನ ತಪ್ಪಲಿಲ್ಲ, ರೂಪ ಬದಲಿಸಿತು. 2018ರ ಕೊನೆಯಲ್ಲಿ ಬಂದ 4.20 ಕರ್ನಲ್‌ನಿಂದ, ಯೊಹಾನೆಸ್ ವೈನರ್ ಅವರ ಕೆಲಸದ ಫಲವಾಗಿ, ಮೆಮೊರಿಗಾಗಿ ಕಾದು ಎಷ್ಟು ವೇಳೆ ಪೋಲಾಯಿತು ಎಂಬುದನ್ನು ‘ಪ್ರೆಷರ್’ ಕಡತವೇ ಹೇಳುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ಮುಚ್ಚುವ ನಿರ್ಧಾರಕ್ಕೂ ಇದೇ ಅಳತೆ ಬಳಕೆಯಲ್ಲಿದೆ, ಮತ್ತು ಆ ಫೋನ್‌ಗಳು ಮೆಮೊರಿಯನ್ನೇ ಕುಗ್ಗಿಸಿಡುವ ಜ಼ೆಡ್‌ರ‍್ಯಾಮ್ ಎಂಬ ಸ್ವಾಪ್ ಮೇಲೆ ಓಡುತ್ತವೆ. ಕುಬರ್ನೆಟಿಸ್ ಕೂಡ 1.22ನೇ ಆವೃತ್ತಿಯಿಂದ ತನ್ನ ‘ಸ್ವಾಪ್ ಬೇಡವೇ ಬೇಡ’ ನಿಲುವನ್ನು ಸಡಿಲಿಸುತ್ತ ಬಂದಿದೆ.

ನಮ್ಮ ಡೇಟಾಬೇಸ್‌ಗೆ ಊಮ್ ಅಂಕ ಮೈನಸ್ 1000 ಕೊಟ್ಟಿದ್ದೇವೆ, ಅದನ್ನು ಯಾರೂ ಕೊಲ್ಲಲಾರರು ಎಂಬ ಸಮಾಧಾನವೂ ಒಂದಿದೆ. ಡೇವಿಡ್ ರಿಯೆಂಟ್ಜೆಸ್ 2010ರಲ್ಲಿ ಕೊಲೆಯ ಲೆಕ್ಕವನ್ನು ಹೊಸದಾಗಿ ಬರೆದಾಗ ಬಂದ ಅಳತೆ ಇದು, ಮೈನಸ್ 1000ದಿಂದ 1000ದವರೆಗೆ. ಸೋರುತ್ತಿರುವುದು ಡೇಟಾಬೇಸೇ ಆಗಿದ್ದರೆ? ಕರ್ನಲ್ ಅದನ್ನು ಬಿಟ್ಟು ಉಳಿದವರನ್ನೆಲ್ಲ ಒಬ್ಬೊಬ್ಬರಾಗಿ ಕೊಲ್ಲುತ್ತದೆ, ಮೆಮೊರಿ ಮಾತ್ರ ಸಿಗುವುದಿಲ್ಲ. ಕೊನೆಗೆ ಕೊಲ್ಲಲು ಯಾರೂ ಉಳಿಯದೆ ಕರ್ನಲ್ ತಾನೇ ಪ್ಯಾನಿಕ್ ಆಗುತ್ತದೆ. ರಕ್ಷಣೆ ಕೊಡಬೇಕಾದದ್ದು ಎಸ್‌ಎಸ್‌ಎಚ್‌ನಂಥ ಚಿಕ್ಕ, ಬೆಳೆಯದ ಸೇವೆಗಳಿಗೆ.

ಕೊನೆಯ ಆಕ್ಷೇಪ ನನ್ನನ್ನು ಹೆಚ್ಚು ಕಾಡುವಂಥದ್ದು, ಏಕೆಂದರೆ ಅದನ್ನು ಹೇಳುವವರು ದಣಿದವರು. ನಾವು ಕರ್ನಲ್ ಎಂಜಿನಿಯರ್‌ಗಳಲ್ಲ, ಸೇವೆ ಓಡುತ್ತಿರಬೇಕು ಅಷ್ಟೇ. ನಸುಕಿಗೆ ಕ್ರಾನ್ ಇಟ್ಟು ದಿನಾ ಒಮ್ಮೆ ರೀಸ್ಟಾರ್ಟ್ ಮಾಡಿದರೆ ತೊಂದರೆ ಬರುವುದಿಲ್ಲ ಎನ್ನುತ್ತಾರೆ. ಬೆಂಗಳೂರಿನಲ್ಲಿ ಕೂತು ಬೇರೆ ಖಂಡದ ಹಗಲನ್ನು ಕಾಯುವ ಎಷ್ಟೋ ತಂಡಗಳು ಹೀಗೆಯೇ ದಿನ ದೂಡುತ್ತಿವೆ. ಪಾಳಿಯಲ್ಲಿರುವ ಹುಡುಗನಿಗೋ ಹುಡುಗಿಗೋ ಇದನ್ನು ಹುಡುಕಲು ಯಾರೂ ವೇಳೆ ಕೊಟ್ಟಿರುವುದಿಲ್ಲ, ಆದರೆ ಬೆಳಗಿನ ಕರೆಯಲ್ಲಿ ಕಾರಣ ಕೇಳುವುದು ಅವರನ್ನೇ. ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಸಿಟ್ಟಿರುವುದು, ರೀಸ್ಟಾರ್ಟ್ ಆದೊಡನೆ ಟಿಕೆಟ್ ಮುಚ್ಚಿ ‘ಪರಿಹರಿಸಲಾಗಿದೆ’ ಎಂದು ಬರೆಸುವ ಪದ್ಧತಿಯ ಮೇಲೆ. ಸೇವೆಯನ್ನು ಎಬ್ಬಿಸಿದ ಕ್ಷಣ ಅದರ ಸಿ-ಗ್ರೂಪ್ ಅಳಿಸಿಹೋಗುತ್ತದೆ, ಅದರೊಡನೆ ಎಣಿಕೆಗಳೆಲ್ಲ ಸೊನ್ನೆಗೆ ಬರುತ್ತವೆ. ಯಾವ ಮಿತಿ ಇಲ್ಲ ಎಂದಿತೋ ಅದರ ಗುರುತು ಅಲ್ಲಿತ್ತು. ಮುಂದಿನ ಪಾಳಿಯವರು ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಕ್ರಾನ್ ಇಂದೇ ತೆಗೆಯಿರಿ ಎಂದು ನಾನು ಹೇಳುವುದಿಲ್ಲ. ಅದರ ಮೊದಲ ಸಾಲು ರೀಸ್ಟಾರ್ಟ್ ಆಗದಿರಲಿ. ಅದಕ್ಕಿಂತ ಮುಂಚೆ ಮೆಮ್‌ಇನ್ಫೋ, ಆ ಸೇವೆಯ ಸಿ-ಗ್ರೂಪ್‌ನ ಮೆಮೊರಿ-ಈವೆಂಟ್ಸ್, ಮೆಮೊರಿ-ಸ್ಟ್ಯಾಟ್ ಮತ್ತು ಪಿಡ್ಸ್-ಈವೆಂಟ್ಸ್, ಮುಖ್ಯ ಪ್ರೊಸೆಸ್‌ನ ಮ್ಯಾಪ್ಸ್ ಕಡತದಲ್ಲಿ ಎಷ್ಟು ಸಾಲುಗಳಿವೆ ಎಂಬ ಎಣಿಕೆ, ಕರ್ನಲ್ ಲಾಗ್‌ನ ಕೊನೆಯ ಇನ್ನೂರು ಸಾಲು, ಇಷ್ಟನ್ನು ದಿನಾಂಕ ಹಾಕಿದ ಒಂದು ಕಡತಕ್ಕೆ ಬರೆದಿಡಲಿ. ಆರೇಳು ಸಾಲಿನ ಸ್ಕ್ರಿಪ್ಟ್ ಸಾಕು. ವಾರವೊಂದರ ಕಡತಗಳನ್ನು ಪಕ್ಕಪಕ್ಕ ಇಟ್ಟರೆ ಏರುತ್ತಿರುವ ಸಂಖ್ಯೆ ಯಾವುದೆಂದು ಕಣ್ಣಿಗೆ ಬೀಳುತ್ತದೆ: ಮೆಮೊರಿ-ಸ್ಟ್ಯಾಟ್‌ನಲ್ಲಿ ಹೀಪ್‌ನಂಥ ಪೇಜ್‌ಗಳನ್ನು ಎಣಿಸುವ ‘ಅನಾನ್’ ಸಾಲು ಏರುತ್ತಿದ್ದರೆ ಪ್ರೋಗ್ರಾಂನ ಸೋರಿಕೆ, ಎಸ್‌ಎಚ್‌ಮೆಮ್ ಏರುತ್ತಿದ್ದರೆ ಯಾರೋ ಟೆಂಪ್-ಎಫ್‌ಎಸ್‌ನಲ್ಲಿ ಕಡತ ಬಿಡುತ್ತಿದ್ದಾರೆ, ಸ್ಲ್ಯಾಬ್ ಏರುತ್ತಿದ್ದರೆ ಕರ್ನಲ್ ಕಡೆ ನೋಡಬೇಕು, ಮ್ಯಾಪ್‌ಗಳ ಎಣಿಕೆ 65530ರ ಹತ್ತಿರ ಸರಿಯುತ್ತಿದ್ದರೆ ರ‍್ಯಾಮ್ ಖರೀದಿಯ ಕಡತವನ್ನು ಮುಚ್ಚಬಹುದು. ಆ ಸಂಖ್ಯೆಯನ್ನು ಟಿಕೆಟ್‌ನಲ್ಲಿ ಬರೆದು ಪ್ರೋಗ್ರಾಂ ಬರೆದವರಿಗೆ ಕಳಿಸಿ, ಅವರು ಸರಿಪಡಿಸುವವರೆಗೆ ಟಿಕೆಟ್ ತೆರೆದಿರಲಿ.